ಮಸಿಯ ಹದ: ರೊಜ್‌ದೆಸ್ತ್ವೆಂಕಾ 11ರಲ್ಲಿ ನನ್ನ ಮೊದಲ ವರ್ಷ

ಮೊದಲು ಕಾಗದವನ್ನು ತೋಯಿಸಬೇಕು. ದಪ್ಪನೆಯ ಬಿಳಿ ಹಾಳೆಯನ್ನು ತಣ್ಣೀರಿನಲ್ಲಿ ಎರಡೂ ಬದಿ ಒದ್ದೆ ಮಾಡಿ, ಅದು ನೀರು ಕುಡಿದು ಉಬ್ಬಿದ ಮೇಲೆ ಮರದ ಚೌಕಟ್ಟಿನ ಹಲಗೆಯ ಮೇಲೆ ಹಾಸಿ, ನಾಲ್ಕೂ ಅಂಚುಗಳನ್ನು ಮಡಚಿ, ಅಂಟು ಹಚ್ಚಿ ಕೂರಿಸಬೇಕು. ಆಮೇಲೆ ಹಲಗೆಯನ್ನು ನೆಲದ ಮೇಲೆ ಮಟ್ಟಸವಾಗಿ ಮಲಗಿಸಿ ರಾತ್ರಿಯಿಡೀ ಬಿಡಬೇಕು. ಗೋಡೆಗೆ ಒರಗಿಸಿದರೆ ನೀರು ಕೆಳಗಿಳಿದು ಒಂದು ಕಡೆ ಬೇಗ, ಇನ್ನೊಂದು ಕಡೆ ತಡವಾಗಿ ಒಣಗಿ ಹಾಳೆ ಹರಿಯುತ್ತದೆ. ಹೀಟರಿನ ಹತ್ತಿರ ಇಟ್ಟರೂ ಅದೇ ಗತಿ. ಬೆಳಿಗ್ಗೆ ಬೆರಳಿನಿಂದ ತಟ್ಟಿದರೆ ಮದ್ದಲೆಯ ಹಾಗೆ ದನಿ ಬರಬೇಕು. ನನ್ನ ಮೂರನೆಯ ಹಾಳೆ ಆ ದನಿ ಕೊಟ್ಟಿತು. ಮಾಸ್ಕೋದ ವಾಸ್ತುಶಿಲ್ಪ ಸಂಸ್ಥೆಯಲ್ಲಿ ನನ್ನ ಓದು ನಿಜವಾಗಿ ಶುರುವಾದದ್ದು ಆ ಬೆಳಿಗ್ಗೆ ಎಂದು ನಾನು ನಂಬಿದ್ದೇನೆ.

ಧಾರವಾಡದಲ್ಲಿ ಪಿಯುಸಿ ಮುಗಿಸಿ, ರಷ್ಯಾ ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ನಾನು ಮಾಸ್ಕೋಗೆ ಹೋದದ್ದು 2015ರಲ್ಲಿ. ಮೊದಲ ವರ್ಷವೆಲ್ಲ ಭಾಷೆ ಕಲಿಯುವುದಕ್ಕೇ ಹೋಯಿತು. ಸಂಜೆ ಮಾತ್ರ ಚಿತ್ರದ ತರಗತಿ. ಪ್ಲಾಸ್ಟರಿನಲ್ಲಿ ಎರಕ ಹೊಯ್ದ ಗ್ರೀಕ್ ತಲೆಗಳನ್ನು ಮುಂದಿಟ್ಟುಕೊಂಡು ಪೆನ್ಸಿಲಿನಲ್ಲಿ ಬಿಡಿಸಬೇಕಿತ್ತು. ಈ ಸಂಸ್ಥೆಗೆ ಸೇರಲು ಬಯಸುವ ರಷ್ಯನ್ ಹುಡುಗ ಹುಡುಗಿಯರು ಶಾಲೆಯ ದಿನಗಳಿಂದಲೇ ಆ ತಲೆಗಳನ್ನು ಬಿಡಿಸಿ ಬಿಡಿಸಿ ಕೈ ಪಳಗಿಸಿಕೊಂಡಿರುತ್ತಾರೆ. ಪ್ರವೇಶ ಪರೀಕ್ಷೆಯಲ್ಲಿ ಅದೇ ದೊಡ್ಡ ಗಂಡಾಂತರ. ನಾನು ಸಾಕ್ರಟೀಸನ ಗಡ್ಡವನ್ನು ಎಳೆ ಎಳೆಯಾಗಿ ಬರೆಯುತ್ತಿದ್ದಾಗ ಗುರುಗಳು ಬಂದು, "ತಲೆಯನ್ನು ಬರೆಯಬೇಡಿ, ಕಟ್ಟಿ" ಎಂದರು. ಮೊದಲು ತಲೆಬುರುಡೆ ಒಂದು ಮೊಟ್ಟೆ, ಕುತ್ತಿಗೆ ಒಂದು ಕೊಳವೆ, ಮೂಗು ನಾಲ್ಕು ಮುಖಗಳ ಒಂದು ತುಂಡು. ಹಾಳೆಯ ಮೇಲೆ ಕಾಣದ ಹಿಂಬದಿಯ ಕಿವಿ ಎಲ್ಲಿದೆ ಎಂಬುದೂ ಬಿಡಿಸುವವನಿಗೆ ಗೊತ್ತಿರಬೇಕು. ಗಡ್ಡ ಕೊನೆಗೆ ಬರುತ್ತದೆ, ಬರದಿದ್ದರೂ ನಡೆಯುತ್ತದೆ.

ಕುಜ್ನೆತ್ಸ್ಕಿ ಮೋಸ್ತ್ ಮೆಟ್ರೋ ನಿಲ್ದಾಣದಿಂದ ಹೊರಗೆ ಬಂದರೆ ಎದುರಾಗುವುದೇ ರೊಜ್‌ದೆಸ್ತ್ವೆಂಕಾ ಬೀದಿ. ಅದರ 11ನೇ ಸಂಖ್ಯೆಯ ಕಟ್ಟಡ ಮಾರ್ಖಿ. ಮಾಸ್ಕೋ ವಾಸ್ತುಶಿಲ್ಪ ಸಂಸ್ಥೆಯ ರಷ್ಯನ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಎಲ್ಲರೂ ಕರೆಯುವುದು ಹಾಗೆ. ಅಂಗಳದಲ್ಲಿ ಒಂದು ಕಾರಂಜಿ ಇದೆ. ಯಾರನ್ನು ಎಲ್ಲಿ ಕಾಣಬೇಕು ಎಂದು ಕೇಳಿದರೂ "ಕಾರಂಜಿಯ ಹತ್ತಿರ" ಎಂದೇ ಉತ್ತರ. ಸಂಸ್ಥೆಗೆ ಈ ಹೆಸರು ಬಂದದ್ದು 1933ರಲ್ಲಿ. ಆದರೆ ಕಟ್ಟಡ ಅದಕ್ಕಿಂತ ಬಹಳ ಹಳೆಯದು. 1825ರಲ್ಲಿ ಕೌಂಟ್ ಸೆರ್ಗೇಯ್ ಸ್ತ್ರೋಗಾನೊವ್ ಕುಶಲಕಲೆಗಳಿಗಾಗಿ ತೆರೆದ ಚಿತ್ರಕಲಾ ಶಾಲೆ ಹತ್ತೊಂಬತ್ತನೇ ಶತಮಾನದ ಕೊನೆಗೆ ಬಂದು ನೆಲೆಸಿದ್ದು ಇಲ್ಲೇ. ಮುಂಭಾಗದ ಗೋಡೆಯಲ್ಲಿ ಮಜೋಲಿಕಾ ಎಂಬ ಬಣ್ಣದ ಮೆರುಗಿನ ಮಣ್ಣಿನ ಬಿಲ್ಲೆಗಳನ್ನು ಕೂರಿಸಿದ್ದು ಆ ಕಾಲದಲ್ಲೇ.

ಬೇರನ್ನು ಹುಡುಕುತ್ತ ಹೋದರೆ ಇನ್ನೂ ಹಿಂದಕ್ಕೆ, 1749ಕ್ಕೆ ಮುಟ್ಟುತ್ತೇವೆ. ಆ ವರ್ಷ ದ್ಮಿತ್ರಿ ಉಖ್ತೋಮ್‌ಸ್ಕಿ ಮಾಸ್ಕೋದಲ್ಲಿ ಒಂದು ವಾಸ್ತುಶಿಲ್ಪ ಶಾಲೆ ನಡೆಸಲು ಶುರುಮಾಡಿದ. ಮುಂದೆ ಕ್ರೆಮ್ಲಿನ್ನಿನ ಸೆನೆಟ್ ಭವನ ಕಟ್ಟಿದ ಮತ್ವೇಯ್ ಕಜಕೋವ್ ಅಲ್ಲಿ ಕಲಿತವನು. ಅಲ್ಲಿನ ಹುಡುಗರು ಪಾಠವನ್ನೂ ಕೇಳುತ್ತಿದ್ದರು, ಗುರುವಿನ ಜೊತೆ ಕಟ್ಟಡದ ಕೆಲಸಕ್ಕೂ ಹೋಗುತ್ತಿದ್ದರು.

ನಮ್ಮ ಮೊದಲ ದೊಡ್ಡ ಕೆಲಸ ಟಸ್ಕನ್ ಶೈಲಿಯ ಒಂದು ಕಂಬ. ಹದಿನಾರನೇ ಶತಮಾನದ ಇಟಲಿಯ ವಾಸ್ತುಶಿಲ್ಪಿ ವಿನ್ಯೋಲ ಹಾಕಿಕೊಟ್ಟ ಅಳತೆಯಲ್ಲಿ ಅದನ್ನು ಬರೆದು, ಅದಕ್ಕೆ ಮಸಿಯ ನೆರಳು ಕೊಡಬೇಕು. ಆ ನೆರಳು ಕೊಡುವ ಕೆಲಸಕ್ಕೆ ರಷ್ಯನ್ನರು ಹೇಳುವುದು ಅತ್ಮೀವ್ಕಾ. ಪದದ ನೇರ ಅರ್ಥ ತೊಳೆಯುವುದು. ಅಳತೆಯ ಲೆಕ್ಕ ಚೆಂದ. ಟಸ್ಕನ್ ಕಂಬದ ಎತ್ತರ ಅದರ ಬುಡದ ವ್ಯಾಸದ ಏಳು ಪಟ್ಟು. ವ್ಯಾಸದ ಅರ್ಧ ಒಂದು ಮಾಡ್ಯೂಲ್. ಆ ಮಾಡ್ಯೂಲನ್ನು ಮತ್ತೆ ಹನ್ನೆರಡು ಭಾಗ ಮಾಡಿ ಬೋದಿಗೆ, ಪೀಠ, ಉಂಗುರ ಎಲ್ಲವನ್ನೂ ಅದರಲ್ಲೇ ಅಳೆಯಬೇಕು. ಕಂಬದ ಮೇಲೆ ಕೂರುವ ತೊಲೆಪಟ್ಟಿಯ ಎತ್ತರ ಕಂಬದ ಕಾಲು ಭಾಗ. ನನ್ನ ಹಲಗೆ 55×75 ಸೆಂ.ಮೀ. ಕಂಬಕ್ಕೆ 49 ಸೆಂ.ಮೀ. ಕೊಟ್ಟರೆ ಬುಡ 7, ಮಾಡ್ಯೂಲ್ 3.5, ತೊಲೆಪಟ್ಟಿ 12.25. ಇಷ್ಟು ಗೊತ್ತಾದರೆ ಕಂಬ ತಾನಾಗಿ ಎದ್ದು ನಿಲ್ಲುತ್ತದೆ ಎಂದು ನಾನು ಅಂದುಕೊಂಡಿದ್ದೆ. ಆದರೆ ಕಂಬ ಕೊಳವೆಯ ಹಾಗೆ ನೆಟ್ಟಗಿರುವುದಿಲ್ಲ. ಕೆಳಗಿನ ಮೂರನೇ ಒಂದು ಭಾಗ ನೇರವಾಗಿದ್ದು ಅಲ್ಲಿಂದ ಮೇಲಕ್ಕೆ ಕಣ್ಣಿಗೆ ಗೊತ್ತಾಗದಷ್ಟು ಮೆಲ್ಲಗೆ ಕಿರಿದಾಗುತ್ತ ಹೋಗುತ್ತದೆ. ಆ ಬಾಗನ್ನು ಬಿಂದು ಬಿಂದುವಾಗಿ ಲೆಕ್ಕ ಹಾಕಿ, ಬಿಂದುಗಳನ್ನು ಒಂದೇ ಉಸಿರಿನಲ್ಲಿ ಸೇರಿಸಬೇಕು. ನನ್ನ ಕಂಬದ ಸೊಂಟ ಮೊದಲ ಸಲ ಮುರಿದಂತೆ ಕಂಡಿತು. ಅಳಿಸಿ ಮತ್ತೆ ಬರೆದೆ. ಗೆರೆಯನ್ನು ಒತ್ತಿ ಎಳೆಯುವಂತಿಲ್ಲ. ಒತ್ತಿದರೆ ಕಾಗದದಲ್ಲಿ ಗೀರು ಬಿದ್ದು ಮುಂದೆ ಮಸಿ ಅಲ್ಲಿ ನಿಂತುಬಿಡುತ್ತದೆ.

ಇನ್ನು ಮಸಿ. ಅಂಗಡಿಯ ಬಾಟಲಿ ಮಸಿ ಬೇಡ, ಒಣ ಚೀನೀ ಮಸಿಕಡ್ಡಿ ತನ್ನಿ ಎಂದರು. ಪಿಂಗಾಣಿ ಬಸಿಯಲ್ಲಿ ನಾಲ್ಕು ಹನಿ ನೀರು ಹಾಕಿ ಕಡ್ಡಿಯನ್ನು ಸುತ್ತಿ ಸುತ್ತಿ ತೇಯಬೇಕು. ಮನೆಯಲ್ಲಿ ಪೂಜೆಗೆ ಗಂಧ ತೇಯುತ್ತಿದ್ದ ಕೈ ನನ್ನದು. ಆ ಇಡೀ ತರಗತಿಯಲ್ಲಿ ನನಗೆ ಮೊದಲೇ ಬರುತ್ತಿದ್ದ ಕೆಲಸ ಅದೊಂದೇ. ತೇಯ್ದ ಮಸಿಯನ್ನು ತಿಳಿಯಾಗಲು ಬಿಟ್ಟು, ಹತ್ತಿಯ ಮೂಲಕ ಸೋಸಿ, ಅದರ ಒಂದು ಹನಿಯನ್ನು ನೀರಿಗೆ ಸೇರಿಸಿದರೆ ಸಿಗುವುದು ಬೂದು ಎಂದು ಹೇಳಲೂ ಆಗದಂಥ ಬಣ್ಣ. ಹಾಳೆಯ ಮೇಲೆ ಹಚ್ಚಿದಾಗ ಒದ್ದೆ ಇರುವಷ್ಟು ಹೊತ್ತು ಕಾಣುತ್ತದೆ, ಒಣಗಿದ ಮೇಲೆ ಇಲ್ಲವಾಗುತ್ತದೆ. "ಏನೂ ಕಾಣುತ್ತಿಲ್ಲವಲ್ಲ" ಎಂದು ನಾನು ಕೇಳಿದಾಗ ಗುರುಗಳು, "ಕಾಣದಿದ್ದರೆ ಹದ ಸರಿಯಾಗಿದೆ" ಎಂದರು. ಅವರು ಆಡಿದ ರಷ್ಯನ್ ಮಾತಿನಲ್ಲಿ ಹದ ಎಂಬ ಪದವಿರಲಿಲ್ಲ. ನನ್ನ ಕಿವಿ ಅದನ್ನು ಹಾಗೆ ಕೇಳಿಸಿಕೊಂಡಿತು. ಪಾಕ ಎಳೆ ಬರುವುದನ್ನು ಬೆರಳಿನಲ್ಲಿ ನೋಡುವ ಅಡುಗೆಯವರು ಹೇಳುವ ಹದವೇ ಅದು.

ಹಲಗೆಯನ್ನು ಸ್ವಲ್ಪ ಓರೆಯಾಗಿ ಇಟ್ಟುಕೊಂಡು, ಅಳಿಲಿನ ಕೂದಲಿನ ದಪ್ಪ ಕುಂಚದಲ್ಲಿ ಮಸಿ ತುಂಬಿ, ಮೇಲಿನ ಅಂಚಿನಲ್ಲಿ ಒಂದು ಕಟ್ಟೆ ಕಟ್ಟಬೇಕು. ಕಟ್ಟೆ ಎಂದರೆ ಅಂಚಿನುದ್ದಕ್ಕೂ ತುಂಬಿ ನಿಂತ ಒಂದು ದಪ್ಪ ಹನಿ. ಆ ಹನಿಯನ್ನು ಒಡೆಯಲು ಬಿಡದೆ, ಕುಂಚದ ತುದಿಯಿಂದ ಕೆಳಗೆ ಕೆಳಗೆ ನಡೆಸಿಕೊಂಡು ಬರಬೇಕು. ಕುಂಚ ಕಾಗದವನ್ನು ಮುಟ್ಟುವುದಿಲ್ಲ, ನೀರನ್ನು ಮಾತ್ರ ಮುಟ್ಟುತ್ತದೆ. ಬುಡಕ್ಕೆ ಬಂದಾಗ ಕುಂಚವನ್ನು ಹಿಂಡಿ, ಉಳಿದ ಹನಿಯನ್ನು ಹೀರಿಕೊಳ್ಳಬೇಕು. ಮಧ್ಯದಲ್ಲಿ ನಿಂತರೆ ಅಲ್ಲೊಂದು ಗೆರೆ ಕೂರುತ್ತದೆ. ಆಮೇಲೆ ಒಣಗುವವರೆಗೆ ಕೈಕಟ್ಟಿ ಕಾಯಬೇಕು. ಒಣಗಿದ ಮೇಲೆ ಮತ್ತೊಂದು ಪದರ.

ದುಂಡಗಿನ ಕಂಬಕ್ಕೆ ಇದು ಇನ್ನೂ ಕಷ್ಟ. ಬೆಳಕು ಎಡಗಡೆ ಮೇಲಿನಿಂದ 45 ಡಿಗ್ರಿಯಲ್ಲಿ ಬೀಳುತ್ತಿದೆ ಎಂದು ಇಟ್ಟುಕೊಳ್ಳುವುದು ವಾಡಿಕೆ. ಕಾಂಡವನ್ನು ಉದ್ದಕ್ಕೆ ಕಿರಿದಾದ ಪಟ್ಟಿಗಳಾಗಿ ಪೆನ್ಸಿಲಿನಲ್ಲಿ ಸೀಳಿಕೊಂಡು, ಪ್ರತಿ ಪದರವನ್ನೂ ಹಿಂದಿನದಕ್ಕಿಂತ ಒಂದು ಪಟ್ಟಿ ಒಳಗಿನಿಂದ ಶುರುಮಾಡುತ್ತ ಹೋದರೆ ಕತ್ತಲೆ ನಿಧಾನವಾಗಿ ಸೇರಿಕೊಳ್ಳುತ್ತದೆ. ಹೊಸಬರು ಮಾಡುವ ತಪ್ಪು ಬಲ ಅಂಚನ್ನು ಎಲ್ಲಕ್ಕಿಂತ ಕಪ್ಪಾಗಿಸುವುದು. ನಿಜವಾದ ಕಂಬದಲ್ಲಿ ಅತಿ ಕಪ್ಪು ಇರುವುದು ಅಂಚಿಗಿಂತ ಸ್ವಲ್ಪ ಈಚೆಗೆ. ಅಂಚಿನ ಹತ್ತಿರ ಮತ್ತೆ ತುಸು ತಿಳಿಯಾಗುತ್ತದೆ, ಏಕೆಂದರೆ ನೆಲ ಮತ್ತು ಸುತ್ತಲಿನ ಗೋಡೆಗಳಿಂದ ಬೆಳಕು ಮರಳಿ ಅಲ್ಲಿಗೆ ಬಂದು ತಾಗುತ್ತದೆ. ಅದನ್ನು ಬಿಟ್ಟರೆ ಕಂಬ ಹಾಳೆಗೆ ಅಂಟಿಕೊಂಡು ಚಪ್ಪಟೆಯಾಗುತ್ತದೆ. ಅದನ್ನು ಉಳಿಸಿದರೆ ಕಂಬದ ಹಿಂದಕ್ಕೆ ಕೈ ಹಾಕಬಹುದೇನೋ ಅನ್ನಿಸುತ್ತದೆ.

ಡಿಸೆಂಬರಿನಲ್ಲಿ ಮಾಸ್ಕೋದ ಹಗಲು ಏಳೇ ತಾಸು. ದೀಪದ ಹಳದಿ ಬೆಳಕಿನಲ್ಲಿ ಪದರಗಳ ವ್ಯತ್ಯಾಸ ತಿಳಿಯುವುದಿಲ್ಲ. ಆದ್ದರಿಂದ ಮಧ್ಯಾಹ್ನವಾಗುವುದರೊಳಗೆ ಎಲ್ಲರೂ ಕಿಟಕಿಗಳ ಕಡೆ ಹಲಗೆ ತಿರುಗಿಸಿಕೊಂಡು ಕೂರುತ್ತಿದ್ದೆವು. ಮಾತೇ ಇರುತ್ತಿರಲಿಲ್ಲ. ವಾರಕ್ಕೊಮ್ಮೆ ಅಪ್ಪ ಫೋನ್ ಮಾಡುತ್ತಿದ್ದರು. "ಇನ್ನೂ ಅದೇ ಕಂಬವೇನು ತಮ್ಮಾ?" ಎಂದು ಕೇಳುತ್ತಿದ್ದರು. ಅದೇ ಕಂಬ ಎನ್ನುತ್ತಿದ್ದೆ. ಅವರು ಬೇಸರಪಡುತ್ತಿರಲಿಲ್ಲ, ಮುಂದಿನ ವಾರ ಮತ್ತೆ ಕೇಳುತ್ತಿದ್ದರು.

ಒಪ್ಪಿಸಲು ಒಂಬತ್ತು ದಿನ ಇರುವಾಗ ನನ್ನ ಕುಂಚದಿಂದ ಕಡು ಮಸಿಯ ಒಂದು ಹನಿ ಬೋದಿಗೆಯ ಮೇಲೆ ಬಿತ್ತು. ತಕ್ಷಣ ಒರೆಸಲು ಹೋದ ನನ್ನ ಕೈಯನ್ನು ಕಜಾನ್ ನಗರದಿಂದ ಬಂದಿದ್ದ ಸಹಪಾಠಿ ಹಿಡಿದುಕೊಂಡಳು. ಒರೆಸಿದರೆ ಕಾಗದದ ಮೈ ಏಳುತ್ತದೆ ಎಂದಳು. ಅವಳು ಹತ್ತಿಯ ಬತ್ತಿಯನ್ನು ಹನಿಯ ಪಕ್ಕಕ್ಕೆ ತಾಗಿಸಿ ಅಷ್ಟನ್ನೂ ಹೀರಿಸಿದಳು. ಆಮೇಲೆ ಶುದ್ಧ ನೀರು ಬಿಟ್ಟು, ಮತ್ತೆ ಹೀರಿಸಿ, ಹೀಗೆ ಹತ್ತು ಸಲ. ಕೊನೆಗೆ ಉಳಿದದ್ದು ಬೂದುಗಣ್ಣಿನಂಥ ಒಂದು ಕಲೆ. ಗುರುಗಳಿಗೆ ತೋರಿಸಿದೆ. ಅವರು ಹಲಗೆಯನ್ನು ನಲ್ಲಿಯ ಕೆಳಗೆ ಒಯ್ದು, ಇಡೀ ಬೋದಿಗೆಯನ್ನು ಮೆತ್ತನೆಯ ಸ್ಪಂಜಿನಿಂದ ತೊಳೆದುಬಿಟ್ಟರು. ಮೂರು ವಾರದ ಪದರಗಳು ಬೂದು ನೀರಾಗಿ ಇಳಿದು ಹೋದವು. ನನ್ನ ಕಣ್ಣಲ್ಲಿ ನೀರು ಬಂತು. "ಈ ಕೆಲಸದ ಹೆಸರೇ ತೊಳೆಯುವುದು. ಕೆಳಗಿನ ಕಾಗದ ಚೆನ್ನಾಗಿದೆ, ನಾಳೆ ಶುರುಮಾಡಿ" ಎಂದು ಹಲಗೆಯನ್ನು ನನ್ನ ಕೈಗಿಟ್ಟರು. ಎರಡನೇ ಸಲದ ಬೋದಿಗೆ ಆರು ದಿನದಲ್ಲಿ ಮುಗಿಯಿತು, ಮೊದಲಿನದಕ್ಕಿಂತ ತಿಳಿಯಾಗಿಯೂ ಬಂತು.

ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತಿದರೆ ನೆರಳು ಬೀಳುವ ಕಾಲದಲ್ಲಿ ಇದೆಲ್ಲ ಏಕೆ ಎಂದು ಊರಿನ ಗೆಳೆಯರು ಕೇಳುತ್ತಾರೆ. ಗುಂಡಿ ಒತ್ತುವುದನ್ನು ನಾವೂ ಮುಂದಿನ ವರ್ಷಗಳಲ್ಲಿ ಕಲಿತೆವು, ದಿನವೂ ಒತ್ತುತ್ತೇನೆ. ಆದರೆ ಚಾಚಿದ ಸೂರಿನ ನೆರಳು ದುಂಡಗಿನ ಕಂಬದ ಮೇಲೆ ಹೇಗೆ ಬಾಗಿ ಇಳಿಯುತ್ತದೆ ಎಂಬುದನ್ನು ನನ್ನ ಮಣಿಕಟ್ಟು ಬಲ್ಲದು. ಕಂಪ್ಯೂಟರ್ ತೋರಿಸಿದ ನೆರಳು ತಪ್ಪಿದ್ದರೆ ಕಣ್ಣಿಗಿಂತ ಮೊದಲು ಅದಕ್ಕೆ ಗೊತ್ತಾಗುತ್ತದೆ.

ಕಂಬದ ಜೊತೆಜೊತೆಗೇ, ಅದೇ ಕಟ್ಟಡದಲ್ಲಿ, ಇನ್ನೊಂದು ಪಾಠ ನಡೆಯುತ್ತಿತ್ತು. ಗಾತ್ರ ಮತ್ತು ಅವಕಾಶದ ಸಂಯೋಜನೆ ಎಂಬುದು ಅದರ ಹೆಸರು. ಅವಕಾಶ ಎಂದರೆ ಇಲ್ಲಿ ವಸ್ತುಗಳ ನಡುವಿನ, ಒಳಗಿನ ಖಾಲಿ ಜಾಗ. ಅಲ್ಲಿ ಕಂಬವಿಲ್ಲ, ಬೋದಿಗೆಯಿಲ್ಲ, ಬಣ್ಣವೂ ಇಲ್ಲ. ಬಿಳಿ ಕಾಗದ, ಚೂರಿ, ಉಕ್ಕಿನ ಅಳತೆಪಟ್ಟಿ, ಅಂಟು ಇಷ್ಟೇ. ಮೊದಲು ಎದುರಿನಿಂದ ನೋಡುವ ಸಂಯೋಜನೆ, ಆಮೇಲೆ ಸುತ್ತಲೂ ನೋಡುವ ಗಾತ್ರ, ಕೊನೆಗೆ ಒಳಹೊಕ್ಕು ನಡೆಯುವ ಅವಕಾಶ. ಒಂದು ಘನವನ್ನು ಕೊಟ್ಟು ಅದನ್ನು ಭಾರವಾಗಿ ಕಾಣಿಸಿ ಎನ್ನುವರು. ಅದೇ ಘನವನ್ನು ಮರುವಾರ ಹಗುರವಾಗಿ ಕಾಣಿಸಿ ಎನ್ನುವರು. ಕಾಗದದ ತೂಕ ಎರಡರಲ್ಲೂ ಒಂದೇ.

ಮಡಿಕೆಯ ಮರ್ಮ ಹೇಳಿಕೊಟ್ಟದ್ದು ಮೂರನೇ ವರ್ಷದ ಒಬ್ಬ ಹಿರಿಯ ವಿದ್ಯಾರ್ಥಿ. ದಪ್ಪ ಕಾಗದವನ್ನು ಹಾಗೇ ಮಡಚಿದರೆ ಮೂಲೆ ದುಂಡಗಾಗುತ್ತದೆ. ಮಡಿಕೆಯ ಹೊರಬದಿಯಲ್ಲಿ ಚೂರಿಯಿಂದ ಅರ್ಧ ದಪ್ಪದಷ್ಟೇ ಸೀಳಬೇಕು. ಜಾಸ್ತಿಯಾದರೆ ತುಂಡಾಗುತ್ತದೆ, ಕಡಿಮೆಯಾದರೆ ಬಿರುಕು ಬಿಟ್ಟು ನಾರು ಎದ್ದು ನಿಲ್ಲುತ್ತದೆ. ಸರಿಯಾಗಿ ಸೀಳಿದರೆ ಕಾಗದದ ಅಂಚು ಕಲ್ಲಿನ ಅಂಚಿನ ಹಾಗೆ ಬೆಳಕು ಹಿಡಿಯುತ್ತದೆ. ಇಲ್ಲೂ ಮತ್ತೆ ಹದವೇ.

ಈ ಪಾಠ ಎಲ್ಲಿಂದ ಬಂತು ಎಂದು ತಿಳಿದ ದಿನದಿಂದ ನಾನು ಆ ಓಣಿಗಳಲ್ಲಿ ಬೇರೆ ರೀತಿಯಲ್ಲಿ ನಡೆಯತೊಡಗಿದೆ. ಕ್ರಾಂತಿಯ ಮರುವರ್ಷ, 1918ರಲ್ಲಿ, ಸ್ತ್ರೋಗಾನೊವ್ ಶಾಲೆಯನ್ನೂ ಮ್ಯಾಸ್ನಿತ್ಸ್ಕಯಾ ಬೀದಿಯ ಚಿತ್ರಕಲೆ, ಶಿಲ್ಪ ಮತ್ತು ವಾಸ್ತುಶಿಲ್ಪ ಶಾಲೆಯನ್ನೂ ಮುಕ್ತ ಕಲಾ ಕಾರ್ಯಾಗಾರಗಳಾಗಿ ಮಾಡಿದರು. 1920ರಲ್ಲಿ ಎರಡನ್ನೂ ಕೂಡಿಸಿದಾಗ ಹುಟ್ಟಿದ್ದು ವ್ಖುತೆಮಾಸ್ ಎಂಬ ಹೊಸ ಕಲಾಶಾಲೆ. ಕಲಾವಿದರಾದ ರೊದ್ಚೆಂಕೊ, ಪೊಪೊವಾ, ವಾಸ್ತುಶಿಲ್ಪಿಗಳಾದ ವೆಸ್ನಿನ್, ಮೆಲ್ನಿಕೊವ್ ಎಲ್ಲರೂ ಅಲ್ಲಿ ಕಲಿಸಿದವರು. ನಿಕೊಲಾಯ್ ಲದೋವ್‌ಸ್ಕಿ ಎಂಬ ವಾಸ್ತುಶಿಲ್ಪಿ, ಕ್ರಿನ್‌ಸ್ಕಿ ಮತ್ತು ದೊಕುಚಾಯೆವ್ ಅವರ ಜೊತೆ ಸೇರಿ, ಹಳೆಯ ಕಂಬಗಳನ್ನು ನಕಲು ಮಾಡಿಸುವ ಪಾಠವನ್ನು ಬದಿಗಿಟ್ಟು, ವಿದ್ಯಾರ್ಥಿಗಳ ಕೈಗೆ ಜೇಡಿಮಣ್ಣು ಕೊಟ್ಟ. ವಾಸ್ತುಶಿಲ್ಪದ ಸಾಮಗ್ರಿ ಕಲ್ಲಲ್ಲ, ಅವಕಾಶ ಎಂಬುದು ಅವನ ನಿಲುವು. ಮನುಷ್ಯನ ಕಣ್ಣು ಗಾತ್ರವನ್ನೂ ದೂರವನ್ನೂ ಹೇಗೆ ಅಳೆಯುತ್ತದೆ ಎಂದು ಪರೀಕ್ಷಿಸಲು 1927ರಲ್ಲಿ ಒಂದು ಪ್ರಯೋಗಾಲಯವನ್ನೇ ಕಟ್ಟಿದ. ನಾನು ಕಾಗದದಲ್ಲಿ ಮಾಡುತ್ತಿದ್ದ ಭಾರ ಮತ್ತು ಹಗುರದ ಅಭ್ಯಾಸ ಅವನು ಹಾಕಿಕೊಟ್ಟ ಅಭ್ಯಾಸಗಳ ಮೊಮ್ಮಗು.

ಅಲ್ಲಿನ ಪದವಿ ಯೋಜನೆಗಳನ್ನು ನೋಡಿದರೆ ಇಂದಿಗೂ ಮೈ ಜುಮ್ಮೆನ್ನುತ್ತದೆ. 1928ರಲ್ಲಿ ಗೆಯೋರ್ಗಿ ಕ್ರೂತಿಕೊವ್ ಆಕಾಶದಲ್ಲಿ ತೇಲುವ ನಗರವನ್ನು ತನ್ನ ಪದವಿ ಯೋಜನೆಯಾಗಿ ಒಪ್ಪಿಸಿದ. ಅದಕ್ಕೆ ಒಂದು ವರ್ಷ ಮೊದಲು ಇವಾನ್ ಲಿಯೊನಿದೊವ್ ಲೆನಿನ್ ಸಂಸ್ಥೆಯ ಯೋಜನೆ ಮುಂದಿಟ್ಟಿದ್ದ: ತೆಳ್ಳಗೆ ಎದ್ದು ನಿಂತ ಗ್ರಂಥಾಲಯದ ಗೋಪುರ, ಪಕ್ಕದಲ್ಲಿ ಕಟ್ಟಿಹಾಕಿದ ಬಲೂನಿನ ಹಾಗೆ ನೆಲ ಬಿಟ್ಟು ನಿಂತ ಗಾಜಿನ ಗೋಳದ ಸಭಾಂಗಣ. ಹಳ್ಳಿಯಲ್ಲಿ ಐಕಾನ್, ಎಂದರೆ ಕ್ರೈಸ್ತ ಸಂತರ ಪೂಜಾಚಿತ್ರ, ಬರೆಯುವವರ ಕೈಕೆಳಗೆ ಕಲಿತು ಬಂದ ರೈತನ ಮಗ ಅವನು. ಕೆಲವೇ ವರ್ಷಗಳಲ್ಲಿ ಅವನ ಹೆಸರೇ ಬೈಗುಳವಾಯಿತು. ಅವನ ಯೋಜನೆಗಳಲ್ಲಿ ಕಲ್ಲಿನಲ್ಲಿ ನಿಂತು ಉಳಿದದ್ದು ಕಿಸ್ಲೊವೊದ್ಸ್ಕ್‌ನ ಆರೋಗ್ಯಧಾಮದ ಒಂದು ಮೆಟ್ಟಿಲುಸಾಲು. ಈ ಸಂಗತಿ ನನ್ನನ್ನು ಬಹಳ ದಿನ ಕಾಡಿತು, ಈಗಲೂ ಬಿಟ್ಟಿಲ್ಲ. ವ್ಖುತೆಮಾಸ್ 1927ರಲ್ಲಿ ವ್ಖುತೆಯಿನ್ ಎಂದು ಹೆಸರು ಬದಲಿಸಿಕೊಂಡು 1930ರಲ್ಲಿ ಮುಚ್ಚಿಹೋಯಿತು. ಹುಟ್ಟಿ ಹತ್ತೇ ವರ್ಷ.

ಮೂವತ್ತರ ದಶಕದಲ್ಲಿ ಗಾಳಿ ಪೂರ್ತಿ ತಿರುಗಿತು. ಇವಾನ್ ಝೊಲ್ತೊವ್‌ಸ್ಕಿ 1934ರಲ್ಲಿ ಮೊಖೊವಾಯಾ ಬೀದಿಯಲ್ಲಿ ದೈತ್ಯ ಕಂಬಗಳ ಮನೆ ಕಟ್ಟಿದ. ಶಾಲೆಯಲ್ಲಿ ಅತ್ಮೀವ್ಕಾ ಮತ್ತೆ ಸಿಂಹಾಸನ ಏರಿತು. 1955ರ ನವೆಂಬರಿನಲ್ಲಿ ಕಟ್ಟಡಗಳ ಅತಿರೇಕದ ಅಲಂಕಾರಕ್ಕೆ ತಡೆ ಹಾಕುವ ಸರ್ಕಾರಿ ಆದೇಶ ಬಂತು. ಕಂಬ ಬರೆದು ಕಲಿತವರು ಕಾಂಕ್ರೀಟ್ ಫಲಕಗಳ ಮನೆಗಳಿಗೆ ನಕ್ಷೆ ಹಾಕಬೇಕಾಯಿತು. ಆ ಬೇಸರದ ದಿನಗಳು ಮುಂದುವರಿದಾಗ, 1978ರಲ್ಲಿ ಇಲ್ಲಿಂದ ಓದು ಮುಗಿಸಿ ಹೊರಬಿದ್ದ ಅಲೆಕ್ಸಾಂದ್ರ್ ಬ್ರೊದ್‌ಸ್ಕಿ ಮತ್ತು ಇಲ್ಯಾ ಊತ್ಕಿನ್ ಕಟ್ಟಲಾಗದ ಕಟ್ಟಡಗಳನ್ನು ತಾಮ್ರದ ತಗಡಿನಲ್ಲಿ ಕೊರೆದು ಮುದ್ರಿಸಿ ಜಪಾನಿನ ಸ್ಪರ್ಧೆಗಳಿಗೆ ಕಳಿಸಿದರು, ಬಹುಮಾನವನ್ನೂ ಗೆದ್ದರು. ಅಂಥವರ ಕೆಲಸಕ್ಕೆ ಕಾಗದದ ವಾಸ್ತುಶಿಲ್ಪ ಎಂದೇ ಹೆಸರಾಯಿತು. ಅವರ ಮುದ್ರಣಗಳನ್ನು ಹತ್ತಿರದಿಂದ ನೋಡಿದಾಗ ಅಲ್ಲಿನ ನೆರಳುಗಳು ನನಗೆ ಪರಿಚಯದವು ಅನ್ನಿಸಿತು.

ಹೀಗೆ ಒಂದನ್ನೊಂದು ಹೊರಗೆ ಹಾಕಿದ ಎರಡು ವಿದ್ಯೆಗಳು ಇಂದು ಒಬ್ಬನೇ ವಿದ್ಯಾರ್ಥಿಯ ಎರಡು ಕೈಗಳಲ್ಲಿ ಇವೆ. ಬೆಳಿಗ್ಗೆ ಕಂಬ, ಮಧ್ಯಾಹ್ನ ಘನ. ಯಾವುದು ಸರಿ ಎಂದು ನಮ್ಮ ಗುರುಗಳು ಒಮ್ಮೆಯೂ ಹೇಳಲಿಲ್ಲ. ಅವರ ಆ ಮೌನವನ್ನು ನಾನು ದೊಡ್ಡ ಔದಾರ್ಯ ಎಂದು ಭಾವಿಸುತ್ತೇನೆ.

ವರ್ಷದಲ್ಲಿ ಹಲವು ಸಲ ಕ್ಲಾವುಝೂರಾ ಬರುತ್ತಿತ್ತು. ಬೆಳಿಗ್ಗೆ ವಿಷಯ ಕೊಡುತ್ತಾರೆ, ಪುಸ್ತಕವಿಲ್ಲ, ಸಲಹೆಯಿಲ್ಲ, ಗಂಟೆ ಬಾರಿಸುವುದರೊಳಗೆ ಒಂದೇ ಹಾಳೆಯಲ್ಲಿ ಯೋಚನೆ ಮುಗಿಸಿ ಒಪ್ಪಿಸಬೇಕು. ತಿಂಗಳುಗಟ್ಟಲೆ ಪದರ ಹಚ್ಚಿಸುವವರೇ ಅಂದು ಒಂದು ಹಗಲು ಮಾತ್ರ ಕೊಡುತ್ತಾರೆ.

ಮೇ ತಿಂಗಳಲ್ಲಿ ಕ್ರಿವೊಅರ್ಬಾತ್ಸ್ಕಿ ಓಣಿಯಲ್ಲಿರುವ ಮೆಲ್ನಿಕೊವ್ ಅವರ ಮನೆಯನ್ನು ನೋಡಿ ಬಂದೆ. 1927ರಿಂದ 1929ರವರೆಗೆ ತನಗಾಗಿ ಅವನು ಕಟ್ಟಿಕೊಂಡ ಮನೆ: ಒಂದರೊಳಗೊಂದು ಸೇರಿದ ಎರಡು ಕೊಳವೆಗಳು, ಷಟ್ಕೋನದ ಕಿಟಕಿಗಳು, ತೊಲೆಯೇ ಇಲ್ಲದೆ ಹಲಗೆಗಳನ್ನು ಅಡ್ಡಡ್ಡ ನಿಲ್ಲಿಸಿ ನೇಯ್ದ ಮಹಡಿ. ಒಂದೇ ಬಾರಿಗೆ ಕೆಲವೇ ಜನರನ್ನು ಒಳಗೆ ಬಿಡುತ್ತಿದ್ದರು. ಮೇಲಿನ ಕೋಣೆಯ ದುಂಡು ಗೋಡೆಯ ಮೇಲೆ ಬೆಳಕು ಒಂದು ಕಡೆಯಿಂದ ಶುರುವಾಗಿ ಮೆಲ್ಲಗೆ ಕಂದುತ್ತ ಹೋಗಿ ಮತ್ತೆ ತಿಳಿಯಾಗುವುದನ್ನು ನೋಡುತ್ತ ನಿಂತುಬಿಟ್ಟೆ. ನನ್ನ ಕಂಬವನ್ನು ಒಳಗಿನಿಂದ ನೋಡಿದ ಹಾಗಿತ್ತು.

ಜೂನ್‌ನಲ್ಲಿ ಪ್ರಸ್ಮೋತ್ರ್, ಎಂದರೆ ವರ್ಷದ ಕೆಲಸವನ್ನೆಲ್ಲ ಒಟ್ಟಿಗೆ ಇಟ್ಟು ನೋಡುವ ದಿನ. ಗೋಡೆಯುದ್ದಕ್ಕೂ ಹಲಗೆಗಳು, ಕೆಳಗಿನ ಮೇಜುಗಳ ಮೇಲೆ ಬಿಳಿ ಮಾದರಿಗಳು. ವಿದ್ಯಾರ್ಥಿಗಳನ್ನು ಹೊರಗೆ ಕಳಿಸಿ, ಬಾಗಿಲು ಹಾಕಿಕೊಂಡು ಗುರುಗಳೆಲ್ಲ ಒಂದೊಂದರ ಮುಂದೆಯೂ ನಿಲ್ಲುತ್ತಾರೆ. ನಾವು ಕಾರಂಜಿಯ ಸುತ್ತ ಕೂತು ಕಾದೆವು. ಬಾಗಿಲು ತೆರೆದಾಗ ನನ್ನ ಹಲಗೆಯ ಮೂಲೆಯಲ್ಲಿ ಪೆನ್ಸಿಲಿನಲ್ಲಿ 4 ಎಂದಿತ್ತು. ಅಲ್ಲಿ ಐದಕ್ಕೆ ಅಂಕ. ಕಜಾನಿನ ಸಹಪಾಠಿಗೆ 5 ಬಂದಿತ್ತು, ಅವಳಿಗೆ ಅದು ಸಲ್ಲಬೇಕಾದದ್ದೇ.

ಮೊಬೈಲಿನಲ್ಲಿ ಕಂಬದ ಫೋಟೋ ತೆಗೆದು ಅಪ್ಪನಿಗೆ ಕಳಿಸಿದೆ. ಸ್ವಲ್ಪ ಹೊತ್ತಿಗೆ ಅವರ ಫೋನ್ ಬಂತು.

"ಬೆಳಕು ಎಡಗಡೆಯಿಂದ ಬರುತ್ತದೆ ಎಂದಿದ್ದೆಯಲ್ಲ ತಮ್ಮಾ. ಬಲಗಡೆಯ ಅಂಚಿನಲ್ಲಿ ಸ್ವಲ್ಪ ಬೆಳ್ಳಗೆ ಕಾಣುತ್ತದೆ. ಅದು ಎಲ್ಲಿಂದ ಬಂತು?"

"ಪಕ್ಕದಲ್ಲಿ ಒಂದು ಗೋಡೆ ಇದೆ ಅಪ್ಪಾ," ಎಂದೆ. "ಅದನ್ನು ನಾನು ಬರೆದಿಲ್ಲ."